ಪುಸ್ತಕಕ್ಕೆಂದು ಹುಟ್ಟಿ ಬೋರ್ಡಿಗೇರಿದ ಪೆನ್ಯೊ

ಸೌಂದರ್ಯವರ್ಧಕಗಳ ಡಬ್ಬಿ, ಬಟ್ಟೆ ಅಂಗಡಿಯ ಬೋರ್ಡು, ಹಳೆಯ ಅಮೆರಿಕನ್ ಟಿವಿ ಧಾರಾವಾಹಿಯ ಶೀರ್ಷಿಕೆ. ಪೆನ್ಯೊ ಎಂಬ ಅಕ್ಷರಶೈಲಿ ಕಣ್ಣಿಗೆ ಬೀಳುವುದು ಹೆಚ್ಚಾಗಿ ಇಂಥ ಕಡೆ. ಅಲಂಕಾರದ ಫಾಂಟುಗಳ ಸಾಲಿನಲ್ಲಿ ಅದಕ್ಕೊಂದು ಕಾಯಂ ಜಾಗ. ಆದರೆ ಅದನ್ನು ರೂಪಿಸಿದವರ ಕಣ್ಣಿದ್ದದ್ದು ಪುಸ್ತಕದ ಪುಟದ ಮೇಲೆ. ಇಷ್ಟು ತಿಳಿದುಕೊಂಡು ನೋಡಿದರೆ ಅದರ ಒಂದೊಂದು ಗೆರೆಗೂ ಕಾರಣ ಸಿಗುತ್ತದೆ, ಅದನ್ನು ಬಳಸುವ ದಾರಿಯೂ ತಾನಾಗಿ ತೆರೆದುಕೊಳ್ಳುತ್ತದೆ.

ರೂಪಿಸಿದವನು ಎ. ಎಂ. ಕಸಾಂಡ್ರ. 1901ರಲ್ಲಿ ಖಾರ್ಕಿವ್‌ನಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ಹೆಸರು ಮಾಡಿದ ಪೋಸ್ಟರ್ ಕಲಾವಿದ. ನಾರ್ಮಂಡಿ ಹಡಗಿನ ಮೂತಿ ಗೋಡೆಯಂತೆ ಎದುರಿಗೆ ಎದ್ದು ನಿಲ್ಲುವ 1935ರ ಪೋಸ್ಟರ್ ಆತನದೇ. ಅಚ್ಚಿನ ಮೊಳೆ ಎರಕ ಹೊಯ್ಯುತ್ತಿದ್ದ ಡೆಬೆರ್ನಿ ಎ ಪೆನ್ಯೊ ಕಂಪನಿಗೆ 1929ರಲ್ಲೇ ಬಿಫುರ್ ಎಂಬ ಅಕ್ಷರ ಮಾಡಿಕೊಟ್ಟಿದ್ದ. ಅಕ್ಷರದ ಮುಖ್ಯ ಭಾಗವನ್ನಷ್ಟೇ ದಪ್ಪ ಕಪ್ಪಿನಲ್ಲಿ ಉಳಿಸಿ, ಮಿಕ್ಕಿದ್ದನ್ನು ಸಣ್ಣ ಗೆರೆಗಳಲ್ಲಿ ಸೂಚಿಸಿದ ಬಿಫುರ್ ಅಪ್ಪಟ ಜಾಹೀರಾತಿನ ಸರಕು. ಅದೇ ಕಂಪನಿಯ ಮುಖ್ಯಸ್ಥ ಶಾರ್ಲ್ ಪೆನ್ಯೊಗಾಗಿ 1937ರಲ್ಲಿ ಹೊರತಂದದ್ದು ಈ ಅಕ್ಷರ. ಮಾಡಿಸಿದವನ ಹೆಸರೇ ಅದಕ್ಕೆ ನಿಂತಿತು.

ಕಸಾಂಡ್ರನ ವಾದ ಧೈರ್ಯದ್ದು. ರೋಮನ್ ಲಿಪಿಯ ಮೂಲರೂಪ ಕಲ್ಲಿನಲ್ಲಿ ಕೊರೆದ ದೊಡ್ಡಕ್ಷರ. ಸಣ್ಣಕ್ಷರಗಳು ಹುಟ್ಟಿದ್ದು ನಂತರದ ಶತಮಾನಗಳಲ್ಲಿ, ಲೇಖನಿ ಹಿಡಿದ ಲಿಪಿಕಾರರ ಕೈಯೋಟದಿಂದ. ಲೋಹದಲ್ಲಿ ಮೊಳೆ ಕೊರೆಯುವಾಗ ಆ ಕೈಯೋಟದ ಹಂಗು ಏಕೆ? ಹೀಗೆ ಕೇಳಿಕೊಂಡು ಆತ ಸಣ್ಣಕ್ಷರಗಳ ಜಾಗಕ್ಕೆ ದೊಡ್ಡಕ್ಷರಗಳ ಆಕಾರವನ್ನೇ ಕುಗ್ಗಿಸಿ ತಂದ. ಎ, ಇ, ಆರ್, ಎಂ, ಎನ್ ಇವೆಲ್ಲ ಗಿಡ್ಡವಾದ ದೊಡ್ಡಕ್ಷರಗಳಾದವು. ದೊಡ್ಡದು, ಸಣ್ಣದು ಎಂಬ ಭೇದವೇ ಇಲ್ಲದ ಲಿಪಿಯಲ್ಲಿ ಅಕ್ಷರಾಭ್ಯಾಸ ಮಾಡಿದ ನಮಗೆ ಈ ವಾದ ಬೇಗ ಹಿಡಿಸುತ್ತದೆ. ಒಂದೇ ಅಕ್ಷರಕ್ಕೆ ಎರಡು ಆಕಾರ ಯಾಕೆ ಎಂದು ಎಬಿಸಿಡಿ ಕಲಿಯುವಾಗ ಗೊಂದಲಪಡದ ಮಗು ಇದ್ದೀತೆ!

ಆದರೆ ಕಸಾಂಡ್ರ ಹಟಮಾರಿಯಾಗಲಿಲ್ಲ, ಆತನ ದೊಡ್ಡತನ ನನಗೆ ಕಾಣುವುದು ಇಲ್ಲಿಯೇ. ಎಲ್ಲವೂ ಒಂದೇ ಎತ್ತರಕ್ಕೆ ಬಂದರೆ ಸಾಲು ಚಪ್ಪಟೆಯಾಗಿ, ಒಂದು ಪದಕ್ಕೂ ಇನ್ನೊಂದಕ್ಕೂ ಹೊರ ಆಕಾರದಲ್ಲಿ ವ್ಯತ್ಯಾಸವೇ ಉಳಿಯುವುದಿಲ್ಲ. ಹಾಗಾಗಿ ಮೇಲೇರುವ, ಕೆಳಗಿಳಿಯುವ ಗೆರೆಗಳನ್ನು ಆತ ಕೈಬಿಡಲಿಲ್ಲ. 1970ರಿಂದ 1977ರವರೆಗೆ ನಡೆದ ಅಮೆರಿಕನ್ ಟಿವಿ ಧಾರಾವಾಹಿ ಮೇರಿ ಟೈಲರ್ ಮೂರ್‌ನ, ಪೆನ್ಯೊದಲ್ಲಿ ಜೋಡಿಸಿದ ಶೀರ್ಷಿಕೆಯಲ್ಲಿ ‘ಟೈಲರ್’ ಎಂಬ ಹೆಸರನ್ನು ನಿಧಾನವಾಗಿ ನೋಡಿ. ಮೊದಲ ಟಿ ನೇರ. ಪಕ್ಕದ ವೈ ಸಾಲಿನಿಂದ ಕೆಳಕ್ಕೆ ಇಳಿಯುತ್ತದೆ. ಎಲ್ ಮೇಲಕ್ಕೆ ಚಾಚುತ್ತದೆ. ಕೊನೆಯ ಇ ಮತ್ತು ಆರ್ ಗಿಡ್ಡ ದೊಡ್ಡಕ್ಷರಗಳಾಗಿ ನಿಲ್ಲುತ್ತವೆ. ಐದೇ ಅಕ್ಷರದಲ್ಲಿ ಹೀಗೊಂದು ಏರಿಳಿತ, ಕೃತಕ ಎನಿಸದ ಹಾಗೆ.

ಇನ್ನು ಗೆರೆಗಳ ವಿಚಾರ. ತುದಿಯಲ್ಲಿ ಅಡ್ಡಗೆರೆ, ಚಾಚು ಏನೂ ಇಲ್ಲದ ಸಾನ್ಸ್-ಸೆರಿಫ್ ಅಕ್ಷರಗಳಲ್ಲಿ ಸಾಮಾನ್ಯವಾಗಿ ಗೆರೆಯ ದಪ್ಪ ಹೆಚ್ಚುಕಡಿಮೆ ಒಂದೇ ಸಮ. ಪೆನ್ಯೊದಲ್ಲಿ ಚಾಚು ಹೋಗಿದೆ, ಆದರೆ ದಪ್ಪ–ತೆಳುವಿನ ವ್ಯತ್ಯಾಸ ಉಳಿದಿದೆ. ಅದರ ದಪ್ಪ ರೂಪವಾದ ಬೋಲ್ಡ್‌ನಲ್ಲಿ ಈ ಅಂತರ ಎದ್ದು ಕಾಣುತ್ತದೆ, ತೆಳು ರೂಪವಾದ ಲೈಟ್‌ನಲ್ಲಿ ಬಹುತೇಕ ಕರಗುತ್ತದೆ. ನಡುವಿನ ಡೆಮಿಯೇ ನನಗೆ ಹೆಚ್ಚು ಇಷ್ಟ.

1937ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಪೆನ್ಯೊ ಮೆರೆಯಿತು. ಪುಸ್ತಕದಲ್ಲಿ ಮಾತ್ರ ಸೋತಿತು. ಪುಟಗಟ್ಟಲೆ ಓದುವ ಕಣ್ಣು ರೂಢಿಯ ಆಕಾರಗಳನ್ನು ಗುರುತಿಸುತ್ತ ಓಡುತ್ತದೆ. ಪದಪದಕ್ಕೂ ತಡೆದು ನಿಲ್ಲಿಸುವ ಅಕ್ಷರವನ್ನು ಅದು ಸಹಿಸುವುದಿಲ್ಲ. ಆ ತಡೆಯೇ ಬೋರ್ಡಿನ ಮೇಲೆ, ಪುಸ್ತಕದ ಹೊದಿಕೆಯ ಮೇಲೆ, ಆಮಂತ್ರಣದ ಹೆಸರಿನಲ್ಲಿ ಗುಣವಾಗುತ್ತದೆ. ಎರಡು ಮೂರು ಪದ ಓದಿಸಲು ಇದಕ್ಕಿಂತ ಚೆಲುವಾದ ಅಕ್ಷರಗಳು ಬಹಳ ಇಲ್ಲ.

ಬಳಸುವವರು ಸಾಮಾನ್ಯವಾಗಿ ಕೆಡಿಸುವುದು ಎಲ್ಲವನ್ನೂ ದೊಡ್ಡಕ್ಷರದಲ್ಲೇ ಜೋಡಿಸಿ. ಕ್ಯಾಪ್ಸ್ ಲಾಕ್ ಒತ್ತಿದ ಕ್ಷಣ ಕಸಾಂಡ್ರನ ಇಡೀ ವಾದ ಮಾಯವಾಗಿ, ಅಂದವಾದದ್ದೇ ಆದರೂ ಹತ್ತರಲ್ಲಿ ಹನ್ನೊಂದನೆಯ ಅಕ್ಷರ ಉಳಿಯುತ್ತದೆ. ಮೊದಲಕ್ಷರ ಮಾತ್ರ ದೊಡ್ಡದಿರಲಿ, ಮಿಕ್ಕಿದ್ದು ಸಣ್ಣಕ್ಷರದ ಕೀಲಿಯಿಂದಲೇ ಬರಲಿ. ಅಕ್ಷರಗಳ ನಡುವೆ ಕೊಂಚ ಉಸಿರಾಡಲು ಜಾಗವಿರಲಿ. ಹೆಸರಿನಲ್ಲಿ ಎಲ್, ಪಿ, ವೈ ಥರದ ಏರಿಳಿಯುವ ಒಂದಾದರೂ ಅಕ್ಷರ ಇಲ್ಲದಿದ್ದರೆ ಬೇರೆ ಫಾಂಟ್ ಹುಡುಕುವುದೇ ಮೇಲು. ವಿಳಾಸ, ಫೋನ್ ನಂಬರುಗಳನ್ನಂತೂ ಇದರಲ್ಲಿ ಹಾಕಲೇಬಾರದು.

ಪಕ್ಕದಲ್ಲಿ ಕನ್ನಡವೂ ಬರಬೇಕಾದಾಗ ಇನ್ನಷ್ಟು ಎಚ್ಚರ ಬೇಕು. ಉದ್ದಕ್ಕೂ ಒಂದೇ ದಪ್ಪದ ಗೆರೆಯಿರುವ ಕನ್ನಡ ಫಾಂಟ್ ಪೆನ್ಯೊ ಜೊತೆ ಹೊಂದುವುದಿಲ್ಲ, ಒಂದರ ಪಕ್ಕ ಇನ್ನೊಂದು ಸಪ್ಪೆಯಾಗುತ್ತದೆ. ತಿರುವಿನಲ್ಲಿ ತೆಳುವಾಗಿ ಹೊಟ್ಟೆಯಲ್ಲಿ ದಪ್ಪವಾಗುವ ಕನ್ನಡ ಅಕ್ಷರ ಆರಿಸಿ, ಒತ್ತಕ್ಷರ ಇಳಿಯುವಷ್ಟು ಜಾಗವನ್ನು ಸಾಲಿನ ಕೆಳಗೆ ಬಿಟ್ಟರೆ ಎರಡೂ ಲಿಪಿಗಳು ಒಂದೇ ಬೋರ್ಡಿನ ಮೇಲೆ ಒಪ್ಪವಾಗಿ ನಿಲ್ಲುತ್ತವೆ.