ಕಾರಿಗೆ ಕಸ ತುಂಬಿದವರು ಯಾರು?

ಈ ಕತೆ ಕೇಳದವರು ಕಡಿಮೆ. ನಮ್ಮ ದೇಶದ ಮಹಾರಾಜನೊಬ್ಬ ಲಂಡನ್ನಿನಲ್ಲಿ ಸಾದಾ ಬಟ್ಟೆ ತೊಟ್ಟು ರೋಲ್ಸ್ ರಾಯ್ಸ್ ಕಾರಿನ ಅಂಗಡಿಗೆ ಹೋದನಂತೆ. ಅಲ್ಲಿದ್ದ ಬಿಳಿಯ ಅವನನ್ನು ಹೊರಗೆ ಅಟ್ಟಿದನಂತೆ. ರಾಜ ಮತ್ತೆ ರಾಜಠೀವಿಯಲ್ಲಿ ಬಂದು, ಇದ್ದಷ್ಟೂ ಕಾರು ಕೊಂಡು, ಊರಿಗೆ ತಂದು ಕಸ ಸಾಗಿಸೋಕೆ ಬಿಟ್ಟನಂತೆ. ಕಂಪನಿಯ ಮಾನ ಹೋಗಿ ಕ್ಷಮೆ ಕೇಳಿತಂತೆ. ಹೇಳುವವರು ದಾಖಲೆ ತೋರಿಸುವುದಿಲ್ಲ. ಒಬ್ಬರ ಬಾಯಲ್ಲಿ ಅವನು ಅಲ್ವರಿನ ರಾಜ, ಇನ್ನೊಬ್ಬರ ಬಾಯಲ್ಲಿ ಹೈದರಾಬಾದಿನ ನಿಜಾಮ, ಮತ್ತೊಬ್ಬರಿಗೆ ಪಟಿಯಾಲದ ದೊರೆ. ನಡೆದದ್ದು ಹೌದೋ ಅಲ್ಲವೋ ಎಂಬುದು ನಮ್ಮ ತಕರಾರಲ್ಲ. ಈ ಕತೆ ನಮಗೆಲ್ಲ ಯಾಕಿಷ್ಟು ರುಚಿ ಎಂಬುದೇ ಪ್ರಶ್ನೆ.

ಹೈಸ್ಕೂಲಿನಲ್ಲಿ ಮೇಷ್ಟ್ರು ಇದನ್ನು ಸ್ವಾಭಿಮಾನದ ಪಾಠವಾಗಿ ಹೇಳಿದಾಗ ನಾವೂ ಚಪ್ಪಾಳೆ ತಟ್ಟಿದ್ದೆವು. ಮನೆಗೆ ಬಂದು ಅವ್ವನಿಗೂ ಹೇಳಿದೆವು. ಅವ್ವ ಆಗಷ್ಟೇ ಪಟ್ಟಣದ ಬೀದಿ ಗುಡಿಸಿ ಬಂದು ಕೂತಿದ್ದಳು. ನಗಲಿಲ್ಲ. "ಆ ಕಾರ್ಗೆ ಕಸ ತುಂಬ್ದೋರು ಯಾರಂತ್ಲಾ? ಅವ್ರಿಗೆ ಕೂಲಿ ಏಟು ಕೊಟ್ನಂತೆ?" ಅಂದಳು. ಬಿ.ಎ. ಮುಗಿಸಿದ ಮೇಲೂ ಆ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಅವ್ವ ಎರಡು ಮಾತಿನಲ್ಲಿ ಮುಗಿಸಿದ ವಿಮರ್ಶೆಯನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ.

ಕತೆಯಲ್ಲಿ ರಾಜನಿದ್ದಾನೆ, ಬಿಳಿಯನಿದ್ದಾನೆ, ಕಾರಿದೆ, ಕಸವೂ ಇದೆ. ಕಸ ಎತ್ತುವವನು ಮಾತ್ರ ಇಲ್ಲ. ಆದರೆ ಅವನಿಲ್ಲದೆ ಕತೆ ಒಂದು ಹೆಜ್ಜೆಯೂ ಸಾಗದು. ಕಾರಿಗೆ ಅವಮಾನ ಆಗಬೇಕಾದರೆ ಅದು ಜಲಗಾರನ ಕೈ ಸೇರಬೇಕು. ಅವನ ಕೈ ತಾಕಿದ್ದು ಮೈಲಿಗೆ, ಅವನ ಕೆಲಸ ಹೀನ ಎಂದು ಮೊದಲೇ ಒಪ್ಪಿಕೊಂಡವರಿಗೆ ಮಾತ್ರ ಇಲ್ಲಿ ನಗು ಬರುತ್ತದೆ. ಬಿಳಿಯ ರಾಜನನ್ನು ಕೀಳಾಗಿ ಕಂಡ. ರಾಜ ತಾನು ಕೀಳೆಂದು ಕಂಡವರನ್ನು ಮುಂದಿಟ್ಟುಕೊಂಡು ಸೇಡು ತೀರಿಸಿಕೊಂಡ. ಇದು ಸ್ವಾಭಿಮಾನವಾ? ಚಪ್ಪಾಳೆ ತಟ್ಟಿದ ನಾವು ಅವತ್ತು ಅವ್ವನ ಪೊರಕೆಗೆ ನಕ್ಕಿದ್ದೆವು.

ಕಾರು ಬಂದರೆ ಮರ್ಯಾದೆ ತಾನಾಗಿ ಬರುತ್ತೆ ಅನ್ನುವ ಗೆಳೆಯರಿದ್ದಾರೆ. ಸಾಲ ಮಾಡಿಯಾದರೂ ಕಾರು ತರುವ ಆಸೆ ನಮ್ಮ ಕೇರಿಯ ಹುಡುಗರಿಗೂ ಇದೆ. ಆಸೆ ತಪ್ಪಲ್ಲ, ನಂಬಿಕೆ ತಪ್ಪು. ಅಂಬೇಡ್ಕರ್ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿಟ್ಟ ಎರಡು ಪ್ರಯಾಣ ನೋಡಿ. 1901ರಲ್ಲಿ ಹುಡುಗ ಭೀಮರಾವ್ ಜೊತೆಯ ಮಕ್ಕಳೊಡನೆ ಮಸೂರ್ ಸ್ಟೇಷನ್ನಿನಲ್ಲಿ ಇಳಿದ. ಎರಡರಷ್ಟು ಬಾಡಿಗೆ ಕೊಡುತ್ತೇವೆಂದರೂ ಗಾಡಿಯವನು ಮಹಾರ್ ಮಕ್ಕಳಿಗೆ ಗಾಡಿ ಹೊಡೆಯಲಿಲ್ಲ. ಮಕ್ಕಳೇ ಹೊಡೆದರು, ಅವನು ಜೊತೆಗೆ ನಡೆದ. 1929ರಲ್ಲಿ ಚಾಳೀಸಗಾಂವ್‌ಗೆ ಬರುವಾಗ ಅದೇ ಹುಡುಗ ಬ್ಯಾರಿಸ್ಟರ್, ಸರ್ಕಾರಿ ಸಮಿತಿಯ ಸದಸ್ಯ. ಟಾಂಗಾದವರು ಟಾಂಗಾ ಕೊಟ್ಟರು, ಹೊಡೆಯಲು ಒಪ್ಪಲಿಲ್ಲ. ಹೊಡೆದು ಅಭ್ಯಾಸವಿಲ್ಲದ ನಮ್ಮವನೊಬ್ಬ ಹೊಡೆದ. ಮೋರಿಯ ಕಲ್ಲುಗಳ ನಡುವೆ ಚಕ್ರ ಸಿಕ್ಕಿ ಅಂಬೇಡ್ಕರ್ ಕೆಳಗೆ ಬಿದ್ದರು, ಕಾಲು ಮುರಿಯಿತು. ದುಡ್ಡಿತ್ತು, ಪದವಿಯಿತ್ತು, ಗಾಡಿಯೂ ಇತ್ತು. ಏನು ಮಾಡಿತು? ಗಾಡಿ ಎಂಥದ್ದು ಎಂದು ಕೇಳುವ ಮುಂಚೆ ಕೂತವನು ಯಾವ ಜಾತಿ ಎಂದು ಕೇಳುವ ದೇಶ ಇದು.

ಕನ್ನಡದಲ್ಲಿ ಕುವೆಂಪು 1928ರಲ್ಲೇ 'ಜಲಗಾರ' ನಾಟಕ ಬರೆದು ಕಸ ಗುಡಿಸುವವನನ್ನು ರಂಗದ ನಡುವೆ ನಿಲ್ಲಿಸಿದರು. ಶಿವನೇ ಜಲಗಾರನಾಗಿ ಅವನ ಬಳಿಗೆ ಬರುತ್ತಾನೆ. ರಾಜನ ಕತೆ ಕಾಣದವನನ್ನು ಆ ನಾಟಕ ಕಂಡಿತು, ಅದು ಸಣ್ಣ ಮಾತಲ್ಲ. ಆದರೂ ಹೇಳಲೇಬೇಕು: ಶಿವ ಬಂದು ಹೋದ ಮೇಲೂ ಪೊರಕೆ ಅದೇ ಕೈಯಲ್ಲಿ ಉಳಿಯಿತು. ನಮ್ಮ ನಾಡಿನಲ್ಲಿ ತಲೆಯ ಮೇಲಿನ ಮಲದ ಬುಟ್ಟಿ ಇಳಿಸಲು 1970ರ ದಶಕದಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ನಿಷೇಧ ತರಬೇಕಾಯಿತು. ಕೇಂದ್ರದ ಕಾನೂನು 1993ರಲ್ಲಿ ಬಂತು, 2013ರಲ್ಲಿ ಇನ್ನೊಂದು ಬಂತು. ಆದರೂ ಮ್ಯಾನ್‌ಹೋಲಿಗೆ ಇಳಿದವರು ಹೆಣವಾಗಿ ಮೇಲೆ ಬರುವುದು ನಿಂತಿಲ್ಲ. ಆದ್ದರಿಂದ ನಮ್ಮದು ದೇವರ ಕೆಲಸ ಎಂಬ ಹೊಗಳಿಕೆ ನಮಗೆ ಬೇಡ. ಸರಿಯಾದ ಕೂಲಿ ಬೇಕು, ಯಂತ್ರ ಬೇಕು, ಸಾಕೆನಿಸಿದಾಗ ಪೊರಕೆ ಕೆಳಗಿಟ್ಟು ಬೇರೆ ಕೆಲಸಕ್ಕೆ ಹೋಗುವ ಹಾದಿ ಬೇಕು.

ಸಾಹುಕಾರನ ಕಾರು ತಿಂಗಳುಗಟ್ಟಲೆ ಷೆಡ್ಡಿನಲ್ಲಿ ನಿಂತರೂ ಊರಿಗೆ ಏನೂ ಆಗುವುದಿಲ್ಲ. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ನೌಕರಿ ಖಾಯಂ ಮಾಡಿ ಎಂದು ಪೊರಕೆ ಕೆಳಗಿಟ್ಟರು. ಕೆಲವೇ ದಿನದಲ್ಲಿ ಸರ್ಕಾರ ಅವರೊಡನೆ ಕೂತು ಭರವಸೆ ಕೊಡಬೇಕಾಯಿತು. ಊರಿಗೆ ಯಾರು ಬೇಕಾದವರು, ಯಾರಿಲ್ಲದಿದ್ದರೂ ನಡೆಯುತ್ತೆ ಎಂಬ ಲೆಕ್ಕ ಆಗ ಬೀದಿಯಲ್ಲೇ ಕಂಡಿತು. ಕತೆಯಲ್ಲಿ ಇಲ್ಲದವರು ಒಟ್ಟಾಗಿ ನಿಂತಾಗಲೇ ಎಲ್ಲರ ಕಣ್ಣಿಗೆ ಬಿದ್ದರು.

ಹಳ್ಳಿಯ ಮೇಷ್ಟ್ರುಗಳಲ್ಲಿ ನಮ್ಮದೊಂದು ಕೋರಿಕೆ. ಈ ಕತೆಯನ್ನು ಮುಂದೆ ಯಾವಾಗಲಾದರೂ ಹೇಳಿದರೆ ಅವ್ವನ ಪ್ರಶ್ನೆಯನ್ನೂ ಕೇಳಿ. ಉತ್ತರ ಗೊತ್ತಿರುವ ಮಗು ಹಿಂದಿನ ಸಾಲಿನಲ್ಲಿ ಕೂತಿರುತ್ತದೆ.