7.99ರ ಆಚೆಗಿನ ಬಂಪಸ್ ಜೋನ್ಸ್

ಮೇಜರ್ ಲೀಗ್ ಬೇಸ್‌ಬಾಲಿನ ದಾಖಲೆಯಲ್ಲಿ ಬಂಪಸ್ ಜೋನ್ಸ್‌ಗೆ ದಕ್ಕಿರುವುದು ಒಂದು ಸಾಲು: ಎಂಟು ಪಂದ್ಯ, ಎರಡು ಗೆಲುವು, ನಾಲ್ಕು ಸೋಲು. ಫೀಲ್ಡಿಂಗ್ ತಪ್ಪಿನಿಂದ ಹೋದವನ್ನು ಬಿಟ್ಟು, ಒಂಬತ್ತು ಇನ್ನಿಂಗ್ಸ್‌ಗೆ ಅವನು ತೆತ್ತ ರನ್ನುಗಳ ಸರಾಸರಿ 7.99. ಇಷ್ಟನ್ನೇ ಓದಿದವರು ಅವನನ್ನು ಕಳಪೆ ಪಿಚರ್ ಎಂದು ಬದಿಗಿಡುತ್ತಾರೆ. ಮೊದಲ ಪಂದ್ಯದ ಕಥೆ ಗೊತ್ತಿದ್ದವರು ಅದೃಷ್ಟವಂತ ಎಂದುಬಿಡುತ್ತಾರೆ. ಎರಡೂ ಅವಸರದ ತೀರ್ಪುಗಳೇ.

1892ರ ಅಕ್ಟೋಬರ್ 15 ನ್ಯಾಷನಲ್ ಲೀಗ್ ಋತುವಿನ ಕೊನೆಯ ದಿನ. ಓಹಾಯೋದ ಸೀಡರ್‌ವಿಲ್‌ನಲ್ಲಿ ಹುಟ್ಟಿದ 22ರ ಈ ಹುಡುಗನ ಕೈಗೆ ಸಿನ್ಸಿನಾಟಿ ರೆಡ್ಸ್ ಚೆಂಡು ಕೊಟ್ಟಿತು. ಎದುರಿಗಿದ್ದ ಪಿಟ್ಸ್‌ಬರ್ಗ್ ತಂಡಕ್ಕೆ ಒಂಬತ್ತು ಇನ್ನಿಂಗ್ಸ್‌ನಲ್ಲಿ ಒಂದೇ ಒಂದು ಹಿಟ್ ಸಿಗಲಿಲ್ಲ. ನಾಲ್ಕು ಸಲ ವಾಕ್ ಕೊಟ್ಟ, ಫೀಲ್ಡಿಂಗ್ ತಪ್ಪಿನಿಂದ ಒಂದು ರನ್ ಹೋಯಿತು. ರೆಡ್ಸ್ 7–1ರಿಂದ ಗೆದ್ದಿತು. ಮೇಜರ್ ಲೀಗ್‌ನಲ್ಲಿ ಕಾಲಿಟ್ಟ ಮೊದಲ ಪಂದ್ಯದಲ್ಲೇ ನೋ-ಹಿಟ್ಟರ್ ಎಸೆದವನು ಇಂದಿಗೂ ಅವನೊಬ್ಬನೇ. ಫೀಲ್ಡರುಗಳ ನೆರವು ಅದರಲ್ಲಿತ್ತು, ನಿಜ. ಆದರೆ ಯಾವ ನೋ-ಹಿಟ್ಟರ್‌ನಲ್ಲಿ ಅದಿಲ್ಲ?

ಮರುವರ್ಷ ಆಟವೇ ಬದಲಾಯಿತು. ಅಲ್ಲಿಯವರೆಗೆ ಪಿಚರ್ 55 ಅಡಿ 6 ಅಂಗುಲ ದೂರದ ಹಿಂಗೆರೆಯ ಮೇಲೆ ಕಾಲಿಟ್ಟು, ನೆಲದ ಮೇಲೆ ಗೆರೆ ಎಳೆದ ಪೆಟ್ಟಿಗೆಯೊಳಗೆ ಮುಂದೆ ಬಂದು ಎಸೆಯುತ್ತಿದ್ದ. 1893ರಲ್ಲಿ ಆ ಪೆಟ್ಟಿಗೆ ಹೋಗಿ, 60 ಅಡಿ 6 ಅಂಗುಲದಲ್ಲಿ ರಬ್ಬರ್ ಪಟ್ಟಿ ಬಂತು. ಬ್ಯಾಟರ್‌ಗೆ ಚೆಂಡು ನೋಡಲು ಹೆಚ್ಚು ಹೊತ್ತು ಸಿಕ್ಕಿತು; ಲೀಗ್‌ನ ಬ್ಯಾಟಿಂಗ್ ಸರಾಸರಿ .245ರಿಂದ .280ಕ್ಕೆ ಜಿಗಿಯಿತು. ಜೋನ್ಸ್ ಆ ವರ್ಷ ತೆತ್ತ ಸರಾಸರಿ 10.19. ರೆಡ್ಸ್ ಕೈಬಿಟ್ಟಿತು, ನ್ಯೂಯಾರ್ಕ್ ಜೈಂಟ್ಸ್ ಕೂಡ ಹೆಚ್ಚು ದಿನ ಇಟ್ಟುಕೊಳ್ಳಲಿಲ್ಲ.

ಹಾಗೆಂದು ಎಲ್ಲ ಹೊಣೆಯನ್ನೂ ಆ ಐದು ಅಡಿಯ ಮೇಲೆ ಹಾಕಲು ನಾನು ಒಪ್ಪುವುದಿಲ್ಲ. ಪಿಚರ್‌ಗಳಾದ ಸೈ ಯಂಗ್, ಏಮಸ್ ರೂಸಿ ಅದೇ ದೂರದಿಂದ ಅದೇ ವರ್ಷ 30ಕ್ಕೂ ಹೆಚ್ಚು ಪಂದ್ಯ ಗೆದ್ದರು. ಅವರ ವೇಗ, ಅನುಭವ ಜೋನ್ಸ್‌ಗಿರಲಿಲ್ಲ. ಆದರೆ ಅವರಿಗೆ ಸಿಕ್ಕ ಕಾಲಾವಕಾಶವೂ ಇರಲಿಲ್ಲ. ಇಡೀ ಋತುವಿನಲ್ಲಿ ಅವನು ಎಸೆದದ್ದು 33 ಇನ್ನಿಂಗ್ಸ್‌ಗೂ ಕಡಿಮೆ. ಹೊಸ ದೂರಕ್ಕೆ ತೋಳನ್ನು ಪಳಗಿಸಿಕೊಳ್ಳಲು ಅಷ್ಟು ಸಾಲದು. ಮುಂದೆ ಅದೇ 60 ಅಡಿ 6 ಅಂಗುಲದಿಂದ ಅವನು ಮೈನರ್ ಲೀಗ್‌ಗಳಲ್ಲಿ ವರ್ಷಗಟ್ಟಲೆ ಎಸೆದ. ಕೈಯಲ್ಲಿ ಕಸುಬಿಲ್ಲದವನನ್ನು ಯಾವ ತಂಡವೂ ಅಷ್ಟು ಕಾಲ ಸಾಕುವುದಿಲ್ಲ.

7.99 ಎಂಬ ಅಂಕಿಯೊಳಗೆ ಎರಡು ಬೇರೆ ಬೇರೆ ಆಟಗಳು ಬೆರೆತುಹೋಗಿವೆ. ಅವನ್ನು ಬಿಡಿಸಿಯೇ ಓದಬೇಕು: ಹಳೆಯ ನಿಯಮದಲ್ಲಿ ಒಂಬತ್ತು ಇನ್ನಿಂಗ್ಸ್, ಅವನ ಲೆಕ್ಕಕ್ಕೆ ಸೊನ್ನೆ ರನ್, ಉಳಿದ 37 ರನ್‌ಗಳೂ ಹೊಸ ನಿಯಮದವು.