ದಪ್ಪ ಬಟನ್ನಿನ ಮೋಹ, ಕೆಂಪು ನೆಲದ ಲೆಕ್ಕ

ಭಾನುವಾರ ನಸುಕಿನಲ್ಲಿ ನಂದಿಬೆಟ್ಟದ ತಪ್ಪಲಲ್ಲಿ ನಿಂತವರಿಗೆ ಥಾರ್ ಕಣ್ಣಿಗೆ ಬೀಳುವ ಮೊದಲೇ ಅದರ ಟೈರು ಕಿವಿಗೆ ಬೀಳುತ್ತದೆ. ಡಾಂಬರಿನ ಮೇಲೆ ದಪ್ಪ ಬಟನ್ನುಗಳು ಹೊಡೆಯುವ ಆ ಗುಂಯ್ ಸದ್ದು ಎಂ.ಟಿ. ಟೈರಿನದು, ಅಂದರೆ ಕೆಸರಿಗೆಂದೇ ಮಾಡಿದ ಟೈರಿನದು. ಬೆಂಗಳೂರಿನ ಗಾಡಿಗಳೊಂದಿಗೆ ಬಂದ ಈ ಒಲವು ಈಗ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಟೈರು ಅಂಗಡಿಗಳಿಗೂ ಇಳಿದಿದೆ. ಕಂಪನಿಯ ಟೈರು ಸವೆಯಿತು ಎಂದು ಹೋದವರಿಗೆ ಸಿಗುವ ಮೊದಲ ಸಲಹೆ, ‘ಒಂದು ಸೈಜು ದೊಡ್ಡದು ಹಾಕ್ಸಿ ಅಣ್ಣ, ಲುಕ್ ಬರುತ್ತೆ’. ಈ ಸಲಹೆ ಈ ಸೀಮೆಯ ನೆಲಕ್ಕೆ ಹೊಂದುವುದಿಲ್ಲ.

ನೆಲವನ್ನೇ ಮೊದಲು ನೋಡೋಣ. ಜಿಲ್ಲೆಯ ಬಹುಪಾಲು ಮರಳು ಬೆರೆತ ಕೆಂಪು ಮಣ್ಣು. ಮಳೆ ನಿಂತ ಕೆಲವೇ ಗಂಟೆಗಳಲ್ಲಿ ನೀರು ಇಂಗಿ, ಹಿಪ್ಪುನೇರಳೆ ತೋಟದ ದಾರಿಯೂ ದ್ರಾಕ್ಷಿ ತೋಟದ ದಾರಿಯೂ ಗಟ್ಟಿಯಾಗುತ್ತವೆ. ಮೇಲೆ ನಾಲ್ಕು ಬೆರಳು ರಾಡಿ ಇದ್ದರೂ ಅಡಿಯಲ್ಲಿ ಗರಸು ಸಿಗುತ್ತದೆ. ಅಂಟುವ ಜೇಡಿ ಬೇಕೆಂದರೆ ಕೆರೆಯಂಗಳಕ್ಕೆ ಇಳಿಯಬೇಕು. ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಹರಿದ ಮೇಲೆ, ಹಿಂದೆ ಬೇಸಿಗೆಯಲ್ಲಿ ಗೋಡು ತೋಡಿ ಹೊಲಕ್ಕೆ ಸಾಗಿಸುತ್ತಿದ್ದ ಎಷ್ಟೋ ಕೆರೆಗಳ ಅಂಗಳ ಒದ್ದೆಯಾಗೇ ಉಳಿಯುತ್ತಿದೆ. ಅಲ್ಲಿಗೆ ದಿನವೂ ಗಾಡಿ ಇಳಿಸುವವರಿಗೆ ಎಂ.ಟಿ. ಸರಿಯಾದ ಟೈರೇ. ಅಂಥವರು ಎಷ್ಟು ಜನ?

ಉಳಿದವರ ಗಾಡಿ ಓಡುವುದು ಡಾಂಬರಿನ ಮೇಲೆ: ಹೈದರಾಬಾದಿನ ಕಡೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಬೆಳಗ್ಗೆಯೇ ಮುಟ್ಟಬೇಕಾದ ರಸ್ತೆ, ಚಿಂತಾಮಣಿಯ ಟೊಮ್ಯಾಟೊ ಮಂಡಿಯ ರಸ್ತೆ. ಎಂ.ಟಿ. ಟೈರಿನ ಬಟನ್ನುಗಳ ನಡುವೆ ಅಗಲವಾದ ಸಂದುಗಳಿರುತ್ತವೆ. ಕೆಸರನ್ನು ಒದ್ದು ಹೊರಹಾಕಲು ಅವು ಬೇಕು. ಆದರೆ ಅದೇ ಕಾರಣಕ್ಕೆ ರಸ್ತೆಯನ್ನು ಮುಟ್ಟುವ ರಬ್ಬರು ಕಡಿಮೆ. ಅಕ್ಟೋಬರಿನ ಸಂಜೆ ಮಳೆಯಲ್ಲಿ, ಹೆದ್ದಾರಿಗೆ ಅಡ್ಡ ಬಂದ ದನಕ್ಕೆ ಬ್ರೇಕು ಒತ್ತಿದಾಗ ಗಾಡಿ ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳುತ್ತದೆ. ಡೀಸೆಲ್ ಹೆಚ್ಚು ಕುಡಿಯುವುದು, ಬಟನ್ನು ಬೇಗ ಸವೆಯುವುದು ಆಮೇಲಿನ ಮಾತು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿಯಲ್ಲಿ ನಿಲ್ಲುವ ಗುಣಕ್ಕಿಂತ ನೋಟ ಮುಂದೆ ಬರುವುದು ನಿಜಕ್ಕೂ ಆತಂಕದ ಸಂಗತಿ.

ಅಗಲದ ವಿಷಯದಲ್ಲಿ ಹಳೆಯ ಜೀಪು ಹೇಳಿಕೊಡುವ ಪಾಠ ದೊಡ್ಡದು. ಹಿಂದಿನ ಮಹೀಂದ್ರ ಜೀಪುಗಳ 6.00-16 ಟೈರು ಇಂದಿನ ಕಣ್ಣಿಗೆ ಸೈಕಲ್ ಚಕ್ರದ ಹಾಗೆ ತೆಳ್ಳಗೆ. ಆದರೂ ಅವು ಈ ಸೀಮೆಯ ಮಳೆಗಾಲವನ್ನು ದಶಕಗಳ ಕಾಲ ದಾಟಿದವು. ತೆಳುವಾದ ಟೈರು ಮೇಲಿನ ರಾಡಿಯನ್ನು ಸೀಳಿಕೊಂಡು ಅಡಿಯ ಗರಸನ್ನು ಹಿಡಿಯುತ್ತದೆ. ಅಗಲವಾದದ್ದು ರಾಡಿಯ ಮೇಲೆ ತೇಲಿ ಜಾರುತ್ತದೆ. ಅಗಲ ಬೇಕಾಗುವುದು ಮರಳಿನಲ್ಲಿ. ಗೌರಿಬಿದನೂರಿನ ಕಡೆ ಉತ್ತರ ಪಿನಾಕಿನಿಯ ಒಣ ಪಾತ್ರವನ್ನು ದಾಟುವ ಹಾದಿಗಳಲ್ಲಿ ಟೈರು ಹೂತುಹೋಗದಂತೆ ಹರಡಿಕೊಳ್ಳಬೇಕು. ಅದಕ್ಕೂ ಹೊಸ ಟೈರು ಬೇಕಿಲ್ಲ. ಗಾಳಿಯನ್ನು 18 ಪಿಎಸ್‌ಐ ಆಸುಪಾಸಿಗೆ ಇಳಿಸಿದರೆ ಇರುವ ಟೈರೇ ಹರಡಿಕೊಳ್ಳುತ್ತದೆ. ದಪ್ಪ ಬಟನ್ನು ಮರಳಿನಲ್ಲಿ ತೋಡುವ ಕೆಲಸ ಮಾಡುತ್ತದೆ, ಹೂತುಕೊಳ್ಳುವುದು ಅದರಿಂದಲೇ. ಡಾಂಬರಿಗೆ ಮರಳುವ ಮುನ್ನ ಮತ್ತೆ ಗಾಳಿ ತುಂಬಲು ಜೊತೆಗೊಂದು ಪಂಪು ಇರಲೇಬೇಕು.

ಇನ್ನು ದೊಡ್ಡ ಸೈಜಿನ ಲೆಕ್ಕ. 2020ರ ಅಕ್ಟೋಬರಿನಲ್ಲಿ ಬಂದ ಥಾರ್‌ನ ಒಂದು ಮಾದರಿಗೆ ಕಂಪನಿ ಕೊಟ್ಟದ್ದು 245/75 ಆರ್16. ಅಗಲ 245 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 75, ರಿಮ್ಮು 16 ಅಂಗುಲ. ಒಟ್ಟು ಎತ್ತರ ಸುಮಾರು 774 ಮಿ.ಮೀ. ಅದಕ್ಕೆ 265/75 ಹಾಕಿಸಿದರೆ 804 ಆಗುತ್ತದೆ. ಸ್ಪೀಡೋಮೀಟರು ಮೊದಲಿನ ಲೆಕ್ಕದಲ್ಲಿ 100 ತೋರಿಸುವಾಗ ಗಾಡಿ 104ರಲ್ಲಿ ಓಡುತ್ತಿರುತ್ತದೆ. ಚಕ್ರದ ತೂಕ ಏರಿ ಬ್ರೇಕಿಗೂ ಸಸ್ಪೆನ್ಷನ್ನಿಗೂ ಹೊರೆ, ತಿರುವಿನಲ್ಲಿ ಮಡ್‌ಗಾರ್ಡಿಗೆ ಉಜ್ಜುವ ಸಾಧ್ಯತೆ ಬೇರೆ. ಸ್ಕಂದಗಿರಿ, ಆವಲಬೆಟ್ಟದ ಬುಡದ ಹಾದಿಗಳಿಗೆ ಏರಿದ ಎತ್ತರದ ಅರ್ಧ, ಅಂದರೆ 15 ಮಿ.ಮೀ. ಹೆಚ್ಚಿನ ನೆಲದಂತರದಿಂದ ಆಗುವ ಲಾಭ ಬಹಳ ಸಣ್ಣದು.

ಈ ಸೀಮೆಯಲ್ಲಿ ಟೈರಿನ ನಿಜವಾದ ಶತ್ರು ಕಲ್ಲು. ಕ್ರಷರುಗಳಿಂದ ಹೊರಟ ಟಿಪ್ಪರುಗಳು ದಾರಿಯುದ್ದಕ್ಕೂ ಜಲ್ಲಿ ಚೆಲ್ಲುತ್ತವೆ. ಒಡೆದ ಗ್ರಾನೈಟಿನ ಅಂಚು ಚಾಕುವಿನಂತಿರುತ್ತದೆ. ಬಟನ್ನಿನ ಭಾಗಕ್ಕೆ ಮೊಳೆ ಹೊಕ್ಕರೆ ಪಂಕ್ಚರ್ ಅಂಗಡಿಯಲ್ಲಿ ಸರಿಯಾಗುತ್ತದೆ. ಪಕ್ಕದ ಗೋಡೆ ಸೀಳಿದರೆ ಆ ಟೈರಿನ ಕಥೆ ಮುಗಿಯಿತು, ಪ್ಯಾಚು ಅಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಕೊಳ್ಳುವವರು ಬೆರಳಿಟ್ಟು ನೋಡಬೇಕಾದದ್ದು ಪಕ್ಕದ ಗೋಡೆಯನ್ನು. ಹೊರೆ ಹೊರುವ ಬೊಲೆರೊ ಕ್ಯಾಂಪರ್‌ಗಂತೂ ಅಲ್ಲಿ ಬರೆದ ಹೊರೆ ಸೂಚ್ಯಂಕ ಬಹಳ ಮುಖ್ಯ. 111 ಎಂದಿದ್ದರೆ ಒಂದು ಟೈರು 1090 ಕಿಲೋ, 112 ಎಂದಿದ್ದರೆ 1120 ಕಿಲೋ ಹೊರಬಲ್ಲದು. ಕಂಪನಿ ಕೊಟ್ಟಿದ್ದಕ್ಕಿಂತ ಕಡಿಮೆ ಸೂಚ್ಯಂಕದ ಟೈರಿನ ಮೇಲೆ ಟೊಮ್ಯಾಟೊ ಕ್ರೇಟು ಹೇರುವುದು ಅಪಾಯ. ಅದೇ ಗೋಡೆಯ ಮೇಲೆ ನಾಲ್ಕು ಅಂಕಿಗಳೂ ಇರುತ್ತವೆ. 2324 ಎಂದರೆ 2024ರ 23ನೇ ವಾರದಲ್ಲಿ ತಯಾರಾದ ಮಾಲು. ರಿಯಾಯಿತಿಯಲ್ಲಿ ಸಿಕ್ಕಿತೆಂದು ನಾಲ್ಕು ವರ್ಷ ಗೋದಾಮಿನಲ್ಲಿ ಒಣಗಿದ್ದನ್ನು ತರಬಾರದು.

ಎಲ್ಲ ತೂಗಿ ನೋಡಿದರೆ ಈ ನಾಲ್ಕು ಊರುಗಳ ಬಹುತೇಕ ಗಾಡಿಗಳಿಗೆ ಕಂಪನಿಯ ಅಳತೆಯಲ್ಲೇ ಸಿಗುವ, ಬಟನ್ನು ಒತ್ತಾಗಿರುವ ಎ.ಟಿ. ಟೈರು, ಅಂದರೆ ಎಲ್ಲ ಬಗೆಯ ನೆಲಕ್ಕೂ ಆಗುವ ಟೈರು ಸಾಕು. ಅಪೊಲೊ, ಸಿಯೆಟ್, ಎಂ.ಆರ್.ಎಫ್., ಯೊಕೊಹಾಮಾ ಎಲ್ಲರಲ್ಲೂ ಆ ಬಗೆ ಇದೆ. ತೋಟಕ್ಕೆ ಇಳಿಯದ, ಬೆಂಗಳೂರಿಗೆ ಹೋಗಿ ಬರುವುದೇ ಕೆಲಸವಾದ ಗಾಡಿಗೆ ಹೆದ್ದಾರಿಯ ಎಚ್.ಟಿ. ಟೈರೇ ಉತ್ತಮ. 2023ರಲ್ಲಿ ಬಂದ ಜಿಮ್ನಿಗೆ ಕಂಪನಿಯೇ 195/80 ಆರ್15 ಅಳತೆಯ ತೆಳು ಟೈರು ಕೊಟ್ಟಿದೆ. ಅದನ್ನು ಬದಲಿಸಲೇಬೇಕು ಎಂಬ ಆತುರಕ್ಕೆ ಕಾರಣವಿಲ್ಲ.

ಎರಡನ್ನು ಮಾತ್ರ ಹಾಕಿಸಿ ಮಿಕ್ಕೆರಡನ್ನು ಮುಂದಿನ ಫಸಲಿಗೆ ನೋಡೋಣ ಎನ್ನುವ ಅಭ್ಯಾಸ ಕೈಬಿಡಬೇಕಾದದ್ದು. ಎರಡು ಚಕ್ರದ ಎಳೆತದ ಗಾಡಿಗೆ ಅದು ನಡೆಯುತ್ತದೆ. ಥಾರ್, ಜಿಮ್ನಿಗಳಲ್ಲಿ ನಡುವೆ ಡಿಫರೆನ್ಷಿಯಲ್ ಇಲ್ಲ. ಫೋರ್ ವ್ಹೀಲಿಗೆ ಹಾಕಿದೊಡನೆ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ಒಂದೇ ವೇಗದಲ್ಲಿ ತಿರುಗುತ್ತವೆ. ಹೊಸ ಟೈರಿನ ಬಟನ್ನು 9 ಮಿ.ಮೀ., ಹಳೆಯದರದು 3 ಮಿ.ಮೀ. ಇದ್ದರೆ ಎತ್ತರದಲ್ಲೇ 12 ಮಿ.ಮೀ. ವ್ಯತ್ಯಾಸ. ಸಡಿಲ ಮಣ್ಣಿನಲ್ಲಿ ಚಕ್ರ ಜಾರಿ ಅದು ಸರಿಹೋಗುತ್ತದೆ. ಗಟ್ಟಿ ನೆಲದಲ್ಲಿ ಆ ಒತ್ತಡವೆಲ್ಲ ಗೇರಿನ ಮೇಲೆ ಬೀಳುತ್ತದೆ. ನಾಲ್ಕನ್ನೂ ಒಟ್ಟಿಗೆ ಬದಲಿಸಿದವರು ಕೂಡ ಸ್ಟೆಪ್ನಿಯನ್ನು ಮರೆಯುತ್ತಾರೆ. ನಾಲ್ಕು ಚಕ್ರಕ್ಕೆ ದೊಡ್ಡ ಸೈಜು, ಹಿಂದಿನ ಬಾಗಿಲಿಗೆ ಹಳೆಯ ಸೈಜು. ಕೆರೆ ಏರಿಯ ಕೆಳಗೆ ಒಂದು ಟೈರು ಸೀಳಿ ಸ್ಟೆಪ್ನಿ ಹಾಕಿದ ಗಾಡಿ, ಮಿಕ್ಕ ದಾರಿಯನ್ನು ಫೋರ್ ವ್ಹೀಲ್ ನಂಬದೆ, ಹಿಂದಿನ ಎರಡು ಚಕ್ರದ ಎಳೆತದಲ್ಲೇ ಮುಗಿಸಬೇಕಾಗುತ್ತದೆ.